ಪಿಯು ಹುಡುಗನ ಅಕೌಂಟ್ ಫ್ರೀಜ್ ಆಗಿದೆ. ನಮ್ಮ ಚಿಕ್ಕಬಳ್ಳಾಪುರದ ಕಡೆ ಹುಡುಗರಿಗೆ ಏನಾಗುತ್ತಿದೆ?

ಸೇವಂತಿಗೆ_ತೋಟ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮಣ್ಣನ ಮಗ ಸೆಕೆಂಡ್ ಪಿಯು, ಕಾಮರ್ಸ್. ಇನ್ನೂ 18 ತುಂಬಿಲ್ಲ. ನಮ್ಮ ಊರು ಟೌನಿನಿಂದ ಸ್ವಲ್ಪ ಒಳಗೆ. ಅಣ್ಣ ಸೇವಂತಿಗೆ ಬೆಳೆಯುತ್ತಾನೆ, ಬೆಳಗಿನ ಜಾವಕ್ಕೇ ಹೂವು ತುಂಬಿಕೊಂಡು ಮಾರ್ಕೆಟ್‌ಗೆ ಹೊರಡುತ್ತಾನೆ, ರಾತ್ರಿ ಎಂಟಕ್ಕೆಲ್ಲ ಮಲಗಿಬಿಡುತ್ತಾನೆ. ಮಗ ಎಷ್ಟೊತ್ತಿಗೆ ಬಂದ, ಯಾರ ಜೊತೆ ಫೋನಲ್ಲಿದ್ದ, ಇದನ್ನೆಲ್ಲ ನೋಡೋಕೆ ಅವನಿಗೆ ಪುರಸೊತ್ತಿಲ್ಲ. ಹುಡುಗ ಕೆಟ್ಟವನೇನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ನಾನು ಹೋದರೆ "ಅತ್ತೆ, ಕಾಫಿ ನಾನೇ ಮಾಡ್ತೀನಿ ಇರಿ" ಅನ್ನುವ ಹುಡುಗ.

ಕೆಲವು ದಿನದಿಂದ ಹೊಸ ಫೋನು, ಹೊಸ ಶೂ. ಕೇಳಿದರೆ ಫ್ರೆಂಡ್ ಕೊಟ್ಟ ಅಂದ. ಅಣ್ಣ ಅತ್ತಿಗೆ ಅಷ್ಟಕ್ಕೇ ಸುಮ್ಮನಾದರು. ಆಮೇಲೆ ಸ್ಕಾಲರ್‌ಶಿಪ್ ದುಡ್ಡು ಬಂತಾ ನೋಡೋಣ ಅಂತ ಅತ್ತಿಗೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಮೆಷಿನ್ ನಿಲ್ಲುತ್ತಲೇ ಇಲ್ಲ. ಒಂದು ಪುಟ ಮುಗಿದು ಇನ್ನೊಂದು, ಅದೂ ಮುಗಿದು ಮತ್ತೊಂದು. 49,000 ಬಂದಿದೆ, ಅದೇ ದಿನ 48,900 ಹೋಗಿದೆ. 20,000 ಬಂದಿದೆ, ಪೂರ್ತಿ ಹೋಗಿದೆ. ನಮ್ಮ ಅತ್ತಿಗೆ ಒಂದು ವರ್ಷಕ್ಕೆ ನೋಡದಷ್ಟು ದುಡ್ಡು ಆ ಪುಸ್ತಕದಲ್ಲಿ ಒಂದೇ ವಾರದಲ್ಲಿ ಓಡಾಡಿದೆ. ಕೊನೆಯ ಸಾಲಿನಲ್ಲಿ ಉಳಿದಿರೋದು ಸ್ಕಾಲರ್‌ಶಿಪ್ ದುಡ್ಡು ಮಾತ್ರ. ಅದನ್ನೂ ತೆಗೆಯೋಕೆ ಆಗಲ್ಲ, ಫ್ರೀಜ್ ಆಗಿದೆ, ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಬಂದಿದೆ ಅಂದರಂತೆ ಕೌಂಟರಿನಲ್ಲಿ.

ಮನೆಗೆ ಬಂದು ಕೇಳಿದಾಗ ಹುಡುಗ ಬಾಯಿಬಿಟ್ಟ. ಕಾಲೇಜು ಬಿಟ್ಟಿರೋ ಸೀನಿಯರ್ ಒಬ್ಬ ಇವನ ಎಟಿಎಂ ಕಾರ್ಡು, ಆ ಅಕೌಂಟಿಗೆ ಲಿಂಕ್ ಇರೋ ಸಿಮ್ ಎರಡನ್ನೂ ತೆಗೆದುಕೊಂಡು 6,000 ರೂಪಾಯಿ ಕೊಟ್ಟಿದ್ದಾನೆ. "ಗೇಮಿಂಗ್ ಕಂಪನಿ ದುಡ್ಡು, ಟ್ಯಾಕ್ಸ್ ಉಳಿಸೋಕೆ" ಅಂತ ಹೇಳಿದ್ದನಂತೆ. ಅಣ್ಣ ಬೆಲ್ಟ್ ತೆಗೆದುಕೊಂಡು ಹೊಡೆದ. ಆವತ್ತಿನಿಂದ ಹುಡುಗ ಊಟಕ್ಕೆ ಕರೆದರೂ ಬರಲ್ಲ, ಮಾತೂ ಇಲ್ಲ.

ಊರಲ್ಲಿ ಒಬ್ಬರು ಮದನಪಲ್ಲಿಯ ಅಜ್ಜಿ ಮನೆಗೆ ಕಳಿಸಿಬಿಡಿ ಅನ್ನುತ್ತಾರೆ, ಇನ್ನೊಬ್ಬರು ಸ್ಟೇಷನ್ನಿಗೆ ಹೋದರೆ ಹುಡುಗನ ಜೀವನ ಮುಗೀತು ಅನ್ನುತ್ತಾರೆ. ನನಗೆ ಕೇಳಬೇಕಾಗಿರೋದು ಎರಡು. ಹದಿನೇಳು ವರ್ಷದ ಹುಡುಗನಿಗೆ ಕಾನೂನಲ್ಲಿ ಏನಾಗುತ್ತೆ? ಇನ್ನೊಂದು, ಇದು ನಮ್ಮ ಮನೆಯ ಕಥೆ ಮಾತ್ರಾನಾ, ಅಥವಾ ಈಗಿನ ಹುಡುಗರೇ ಹೀಗಾ? ವಾಟ್ಸಾಪ್ ತೆಗೆದರೆ ದಿನಾ ವೀಲಿಂಗ್, ಗಾಂಜಾ, ಲಾಂಗ್ ಹಿಡಿದ ರೀಲ್ಸು. ಭಯ ಆಗುತ್ತೆ.


ಕಪ್ಪುಕೋಟು, ಚಿಕ್ಕಬಳ್ಳಾಪುರ

ಮೇಡಂ, ಮೊದಲನೆಯದು, ಹುಡುಗನ ಹೆಸರು, ಕಾಲೇಜು, ಊರು ಇಲ್ಲಿ ಯಾರು ಕೇಳಿದರೂ ಹಾಕಬೇಡಿ. ನೀವು ಹಾಕಿಲ್ಲ, ಒಳ್ಳೇದಾಯ್ತು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ, 6 ತಿಂಗಳ ಜೈಲು ಅಥವಾ 2 ಲಕ್ಷ ದಂಡದವರೆಗೂ ಹೋಗುತ್ತೆ. ಊರಿನ ಗ್ರೂಪಲ್ಲಿ ಫೋಟೋ ಹಾಕಿ "ಇವನೇ ನೋಡಿ" ಅನ್ನುವವರಿಗೆ ಇದು ಗೊತ್ತೇ ಇರಲ್ಲ.

ಅಜ್ಜಿ ಮನೆಗೆ ಕಳಿಸುವ ಯೋಚನೆ ಬಿಡಿ. ಓಡಿಹೋದ ಅಂತ ಆಗುತ್ತೆ, ಅಷ್ಟೇ.

ಕಾನೂನು ಏನು ಹೇಳುತ್ತೆ ಅಂದರೆ, 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 18 ತುಂಬದವನು ಮಗುವೇ. ಲೆಕ್ಕಕ್ಕೆ ಬರೋದು ಕೃತ್ಯ ನಡೆದ ದಿನದ ವಯಸ್ಸು, ಪೊಲೀಸರು ಬಾಗಿಲು ತಟ್ಟಿದ ದಿನದ್ದಲ್ಲ. ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೋಪಾನ ಮಾಡಿ, ವಯಸ್ಸಿಗೆ ಮೊದಲು ಕೇಳುವ ದಾಖಲೆಗಳಲ್ಲಿ ಅದೂ ಒಂದು. ಲಾಕಪ್ಪಿಗೆ, ಜೈಲಿಗೆ ಹಾಕುವಂತಿಲ್ಲ. ಕೋಳ ತೊಡಿಸುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಮಂಡಳಿ ಅಂದರೆ ಒಬ್ಬ ಮ್ಯಾಜಿಸ್ಟ್ರೇಟು, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು. ಜಾಮೀನು ಕೊಡೋದೇ ಅಲ್ಲಿ ನಿಯಮ, ಕೊಡದೇ ಇರೋಕೆ ಕಾರಣ ಬರೆಯಬೇಕು.

"16 ದಾಟಿದರೆ ದೊಡ್ಡವರ ಹಾಗೇ ಕೇಸು ನಡೆಸ್ತಾರೆ" ಅಂತ ಯಾರಾದರೂ ಹೆದರಿಸಿದ್ದರೆ, ಅದು ಘೋರ ಅಪರಾಧಕ್ಕೆ ಮಾತ್ರ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಇರುವಂಥದ್ದು. ಅಲ್ಲೂ ಮೊದಲು ಮಂಡಳಿ ಹುಡುಗನ ಬುದ್ಧಿ, ಮನಸ್ಥಿತಿ, ಸಂದರ್ಭ ಎಲ್ಲ ನೋಡುತ್ತೆ. ಇದು ಮೋಸದ ದುಡ್ಡು ಸಾಗಿಸೋಕೆ ಅಕೌಂಟ್ ಬಳಸಿದ ಕೇಸು, ಆ ಸಾಲಿಗೆ ಬರಲ್ಲ. ದೊಡ್ಡವರೂ ಸೇರಿರುವ ಕೇಸಾದ್ದರಿಂದ ಎಫ್ಐಆರ್ ಆಗಬಹುದು, ಆದರೆ ಹುಡುಗನ ವಿಚಾರ ಮಂಡಳಿಯಲ್ಲೇ ನಡೆಯುತ್ತೆ. ಕೌನ್ಸೆಲಿಂಗ್, ಸಮುದಾಯ ಸೇವೆ, ತಂದೆತಾಯಿಯ ಮೇಲುಸ್ತುವಾರಿಯಲ್ಲಿ ಬಿಡೋದು, ಸಾಮಾನ್ಯವಾಗಿ ಈ ದಾರಿ. ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಇದು ಕಳಂಕವಾಗಿ ಹಿಂಬಾಲಿಸಬಾರದು ಅಂತ 24ನೇ ಸೆಕ್ಷನ್ ಇದೆ. ಜೀವನ ಮುಗಿಯಲ್ಲ ಮೇಡಂ.

ಅದೇ ಹದಿನೆಂಟು ದಾಟಿದ ಹುಡುಗ ಅಕೌಂಟ್ ಕೊಟ್ಟಿದ್ದರೆ ಕಥೆ ಬೇರೆ. ಡಿಗ್ರಿ ಫಸ್ಟ್ ಇಯರ್ ಹುಡುಗರು ಇದರಲ್ಲಿ ನೇರವಾಗಿ ಆರೋಪಿಗಳಾಗಿ ಬೇರೆ ರಾಜ್ಯದ ಕೋರ್ಟಿಗೆ ಅಲೆಯಬೇಕಾಗುತ್ತೆ.

ಈಗ ಮಾಡಬೇಕಾದ್ದು: ಬ್ಯಾಂಕಿನಿಂದ ದೂರಿನ ಅಕ್ನಾಲೆಜ್‌ಮೆಂಟ್ ನಂಬರ್, ಯಾವ ಸ್ಟೇಷನ್, ಎಷ್ಟು ಮೊತ್ತಕ್ಕೆ ತಡೆ ಹಾಕಿದ್ದಾರೆ, ಇಷ್ಟನ್ನೂ ಬರಹದಲ್ಲಿ ಕೇಳಿ. ಸಿಮ್ ಬ್ಲಾಕ್ ಮಾಡಿಸಿ. ಆಮೇಲೆ ನಮ್ಮ ಜಿಲ್ಲೆಯ ಸೈಬರ್ ಠಾಣೆಗೆ ತಂದೆಯ ಜೊತೆ ಹೋಗಿ, ಕಾರ್ಡು ತೆಗೆದುಕೊಂಡವನ ಹೆಸರು ಸಮೇತ ಬರೆದುಕೊಡಿ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಮಕ್ಕಳಿಗೆ ಉಚಿತ. ಫೋನ್ 15100.


ಕೆಂಪುಮಣ್ಣು, ಬಾಗೇಪಲ್ಲಿ

ಎಲ್ಲ ಸರಿ ಸಾರ್, ಆದರೆ ಇದೇ ಸಮಸ್ಯೆ. ಕಾನೂನು ಮೆತ್ತಗಾದ್ದಕ್ಕೇ ಹುಡುಗರು ಹೀಗಾಗಿರೋದು. ನಮ್ಮ ಕಾಲದಲ್ಲಿ ಮೇಷ್ಟ್ರು ಬೆತ್ತ ಹಿಡಿದರೆ ಚಡ್ಡಿ ಒದ್ದೆ ಆಗೋದು. ಈಗ ಮೇಷ್ಟ್ರಿಗೇ ಭಯ. ಹದಿನೇಳು ವರ್ಷದವನಿಗೆ ಅಕೌಂಟ್ ಮಾರಬಾರದು ಅಂತ ಗೊತ್ತಿಲ್ವಾ? ಎಲ್ಲಾ ಗೊತ್ತು. ಅವರಣ್ಣ ಹೊಡೆದಿದ್ದರಲ್ಲಿ ನನಗೇನೂ ತಪ್ಪು ಕಾಣಲ್ಲ. ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಾನೇ ಇದೆ ಇವರ ಹಾವಳಿ.


ಚಾಕ್‌ಪೀಸ್, ಚಿಂತಾಮಣಿ

ಜಾಸ್ತಿ ಆಗ್ತಾನೇ ಇದೆ ಅನ್ನೋದನ್ನ ಸ್ವಲ್ಪ ನೋಡೋಣ ಅಣ್ಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ (ಎನ್‌ಸಿಆರ್‌ಬಿ) ಪ್ರತಿ ವರ್ಷದ ಲೆಕ್ಕ ಕೊಡುತ್ತೆ. ದೇಶದಲ್ಲಿ ಹದಿನೆಂಟರ ಒಳಗಿನವರ ಮೇಲೆ 2016ರಲ್ಲಿ ದಾಖಲಾದ ಕೇಸು 35,849. 2022ರಲ್ಲಿ 30,555. 2023ರಲ್ಲಿ ಸ್ವಲ್ಪ ಏರಿ 31,365. ಅಂದರೆ ಅಷ್ಟರಲ್ಲೇ ಏರಿಳಿತ, ಸಿಕ್ಕಾಪಟ್ಟೆ ಏರಿಕೆ ಏನೂ ಇಲ್ಲ. ಹಿಡಿದವರಲ್ಲಿ ನೂರಕ್ಕೆ ಸುಮಾರು 79 ಮಂದಿ 16ರಿಂದ 18ರೊಳಗಿನವರು. ಇನ್ನೊಂದು ವಿಷಯ, ಅವರಲ್ಲಿ ಬಹುಪಾಲು ಅನಾಥರಲ್ಲ, ಬೀದಿ ಮಕ್ಕಳಲ್ಲ, ಅಪ್ಪ ಅಮ್ಮನ ಜೊತೆ ಮನೆಯಲ್ಲೇ ಇದ್ದವರು. ಹಾಗಂತ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಸ್ಟೇಷನ್ನಿನಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ ಮುಗಿದುಹೋಗುವ ಗಲಾಟೆ ಯಾವ ಲೆಕ್ಕಕ್ಕೂ ಸಿಗಲ್ಲ.

ನಾನು ಹೈಸ್ಕೂಲಲ್ಲಿ ಪಾಠ ಮಾಡುತ್ತೇನೆ. ನನ್ನ ಕಣ್ಣಿಗೆ ಕಾಣೋದು ಬೇರೆ. ಮಾಡುವ ತಪ್ಪಿನ ಜಾತಿ ಬದಲಾಗಿದೆ. ಮೊದಲು ಸೈಕಲ್ ಕದ್ದ, ಮಾವಿನ ತೋಟಕ್ಕೆ ನುಗ್ಗಿದ, ಕಬಡ್ಡಿಯಲ್ಲಿ ತಲೆ ಒಡೆದ, ಎಲ್ಲ ಕಣ್ಣೆದುರಿಗೆ ಇರೋದು. ಈಗಿನದು ಕಾಣಲ್ಲ. ಹುಡುಗ ಮನೆಯಲ್ಲಿ ಚಾಪೆ ಮೇಲೆ ಮಲಗಿರುತ್ತಾನೆ, ಅವನ ಅಕೌಂಟು ಯಾರದ್ದೋ ಕೈಯಲ್ಲಿ ಅಪರಾಧ ಮಾಡುತ್ತಿರುತ್ತೆ. ಪಿಯು ಮಕ್ಕಳೇ ಯಾಕೆ ಸಿಗುತ್ತಾರೆ ಅಂದರೆ, ಸ್ಕಾಲರ್‌ಶಿಪ್ಪಿಗೋಸ್ಕರ ಎಲ್ಲರ ಹತ್ತಿರವೂ ಆಧಾರ್ ಜೋಡಿಸಿದ ಅಕೌಂಟ್ ಇದೆ, ಅದರಲ್ಲಿ ವರ್ಷಕ್ಕೊಂದು ಸಲ ದುಡ್ಡು ಬಿಟ್ಟರೆ ಏನೂ ನಡೆಯಲ್ಲ, ಅಪ್ಪ ಅಮ್ಮ ಪಾಸ್‌ಬುಕ್ ತೆರೆದೂ ನೋಡಲ್ಲ. 10 ವರ್ಷ ದಾಟಿದ ಮಕ್ಕಳು ತಾವೇ ಅಕೌಂಟ್ ನಡೆಸಬಹುದು ಅಂತ 2025ರಲ್ಲಿ ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ. ಒಳ್ಳೇದೇ. ಆದರೆ ಪಿನ್ ನಂಬರ್ ಅಂದರೆ ಏನು, ಯಾಕೆ ಕೊಡಬಾರದು ಅಂತ ನಾವು ಯಾವ ತರಗತಿಯಲ್ಲೂ ಹೇಳಿಕೊಡಲ್ಲ.

ಇನ್ನೊಂದು ಗುಂಪು ಎಸ್ಸೆಸ್ಸೆಲ್ಸಿ ಫೇಲಾದವರದ್ದು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್ ಕ್ಯಾಮೆರಾ ಬಂತು, ಹಿಂದಿನ ವರ್ಷ ಶೇಕಡಾ 84ರ ಹತ್ತಿರ ಇದ್ದ ಫಲಿತಾಂಶ 73ಕ್ಕೆ ಇಳಿಯಿತು. ನಕಲು ನಿಂತಿದ್ದು ಸಂತೋಷವೇ. ಆದರೆ ಬಿದ್ದವರು ಎಲ್ಲಿಗೆ ಹೋದರು? ಹುಡುಗಿಯರಿಗೆ ಮನೆಯಲ್ಲಿ ಗಂಡು ನೋಡೋಕೆ ಶುರು ಮಾಡುತ್ತಾರೆ, ಹುಡುಗರು ಬಸ್ ಸ್ಟ್ಯಾಂಡಿಗೆ ಬರುತ್ತಾರೆ. ಪರೀಕ್ಷೆ 2 ಅಂತ ಅದೇ ವರ್ಷ ಮತ್ತೆ ಬರೆಯಬಹುದು ಅನ್ನೋದೇ ಎಷ್ಟೋ ಮನೆಗೆ ತಲುಪಿಲ್ಲ. ಮೇ ತಿಂಗಳಲ್ಲಿ ಫೇಲಾದ ಹುಡುಗ ಜುಲೈ ಹೊತ್ತಿಗೆ ಯಾರದೋ ಬೈಕಿನ ಹಿಂದೆ ಕೂತಿರುತ್ತಾನೆ. ಮುಂದೆ ಕೂತವನಿಗೆ ಇಪ್ಪತ್ತೈದು ವರ್ಷ. ನಾನು ಯಾವಾಗಲೂ ನೋಡೋದು ಆ ಮುಂದೆ ಕೂತವನನ್ನ.

ಹೊಡೆಯೋ ವಿಷಯ: ಬೆತ್ತಕ್ಕೆ ಹೆದರಿ ಒಳ್ಳೆಯವರಾದವರ ಜೊತೆಗೆ, ಬೆತ್ತಕ್ಕೆ ಹೆದರಿ ಶಾಲೆಯನ್ನೇ ಬಿಟ್ಟವರೂ ನಿಮ್ಮ ಕ್ಲಾಸಲ್ಲಿ ಇದ್ದರು ಅಣ್ಣ. ಈಗ ಅವರ ಕಥೆ ಹೇಳೋಕೆ ಇಲ್ಲಿ ಯಾರೂ ಇಲ್ಲ ಅಷ್ಟೇ.

ತಂಗಿ, ಹುಡುಗ ಊಟ, ಮಾತು ಬಿಟ್ಟಿದ್ದಾನೆ ಅಂದ್ರಲ್ಲ, ನನಗೆ ಬ್ಯಾಂಕಿಗಿಂತ ಅದೇ ಜಾಸ್ತಿ ಚಿಂತೆ. ಅವನನ್ನು ಒಬ್ಬನೇ ಬಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ನೀವೇ ಮೊದಲು ಮಾಡಿ ಕೇಳಿ, ಆಮೇಲೆ ಅವನ ಕೈಗೆ ಕೊಡಿ.


ಸ್ಪ್ಯಾನರ್_ಸೀನ, ಶಿಡ್ಲಘಟ್ಟ ರೋಡು

ನಂದು ಗ್ಯಾರೇಜು. ವೀಲಿಂಗ್ ಬಗ್ಗೆ ಕೇಳಿದ್ರಲ್ಲ ಅಕ್ಕ, ನಾಲ್ಕು ಮಾತು.

ವೀಲಿಂಗ್ ಮಾಡೋ ಗಾಡಿ ನನ್ನ ಹತ್ತಿರ ಬಂದರೆ ಹುಡುಗ ಬಾಯಿ ಬಿಡೋದೇ ಬೇಡ. ಹಿಂದಿನ ಮಡ್‌ಗಾರ್ಡಿನ ತುದಿ ರೋಡಿಗೆ ಉಜ್ಜಿ ಸವೆದಿರುತ್ತೆ, ನಂಬರ್ ಪ್ಲೇಟು ಮೇಲಕ್ಕೆ ಮಡಚಿರುತ್ತೆ, ಕನ್ನಡಿ ಎರಡೂ ಮಾಯ. "ಅಣ್ಣ, ಸೈಲೆನ್ಸರ್ ಚೇಂಜ್ ಮಾಡು, ಸೌಂಡ್ ಬೇಕು" ಅಂತಾರೆ. ನಾನು ಮಾಡಲ್ಲ. ಪಕ್ಕದ ಅಂಗಡಿಯವನು ಮಾಡುತ್ತಾನೆ. ಇದರಲ್ಲಿ ಹುಡುಗನದ್ದು ಎಷ್ಟು ತಪ್ಪು, ಫಿಟ್ ಮಾಡಿಕೊಟ್ಟ ಮೂವತ್ತೈದು ವರ್ಷದವನದ್ದು ಎಷ್ಟು? ಆ ಸೈಲೆನ್ಸರುಗಳನ್ನು ಪೊಲೀಸರು ರೋಡ್ ರೋಲರ್ ಹತ್ತಿಸಿ ಅಪ್ಪಚ್ಚಿ ಮಾಡೋ ವಿಡಿಯೋ ಎಲ್ಲರೂ ಶೇರ್ ಮಾಡುತ್ತಾರೆ, ಮಾರಿದ ಅಂಗಡಿ ಮಾತ್ರ ಮಾರನೇ ದಿನ ತೆರೆದೇ ಇರುತ್ತೆ.

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆ, ಹೈದರಾಬಾದ್ ಹೈವೇಲಿ ಹೋಗಿ ನೋಡಿ. ಬೆಂಗಳೂರಿನ ದೊಡ್ಡ ಬೈಕ್‌ನವರು ಜಾಕೆಟ್ಟು, ಗ್ಲೌಸು ಎಲ್ಲ ಹಾಕ್ಕೊಂಡು ಬರುತ್ತಾರೆ. ನಮ್ಮ ಹುಡುಗರು ಅವರನ್ನು ನೋಡಿ ಅಪ್ಪನ ಹಳೇ ಗಾಡಿಯಲ್ಲಿ, ಹವಾಯಿ ಚಪ್ಪಲಿಯಲ್ಲಿ, ಹೆಲ್ಮೆಟ್ ಇಲ್ಲದೆ ಅದೇ ಆಟ ಆಡುತ್ತಾರೆ. ಬಿದ್ದಾಗ ಮೈಗೆ ಆಗೋದೂ ಬೇರೆ, ಬಿಲ್ ಕಟ್ಟೋದೂ ಬೇರೆ.

ಬೈಕ್ ಒಂದೇ ಅಲ್ಲ. 2022ರಲ್ಲಿ ಶ್ರೀನಿವಾಸ ಸಾಗರ ತುಂಬಿ ನೀರು ಬೀಳುತ್ತಿದ್ದಾಗ ಒಬ್ಬ ಹುಡುಗ ಡ್ಯಾಮ್ ಗೋಡೆ ಹತ್ತೋಕೆ ಹೋಗಿ, ಅರ್ಧಕ್ಕಿಂತ ಮೇಲೆ ಹೋದ ಮೇಲೆ ಜಾರಿ ಬಿದ್ದನಲ್ಲ, ಆ ವಿಡಿಯೋ ದೇಶವೆಲ್ಲ ಸುತ್ತಿತು. ಅದರಲ್ಲಿ ನನಗೆ ಇವತ್ತಿಗೂ ಮರೆಯದೆ ಇರೋದು ಕೆಳಗಡೆ ನಿಂತಿದ್ದ ಜನ. ಎಷ್ಟು ಕೈ, ಎಷ್ಟು ಫೋನು. ಆವಲಬೆಟ್ಟದ ಚಾಚಿದ ಬಂಡೆ ಮೇಲೆ ಒಂಟಿ ಕಾಲಲ್ಲಿ ನಿಲ್ಲೋನಿಗೂ ಎದುರುಗಡೆ ಒಬ್ಬ ಫೋಟೋ ತೆಗೆಯೋನು ಬೇಕೇ ಬೇಕು.

ಮಗನಿಗೆ ಗಾಡಿ ಕೊಡೋರಿಗೆ ಒಂದು ಮಾತು. 2019ರಿಂದ ಮೋಟಾರು ವಾಹನ ಕಾಯ್ದೆಗೆ 199ಎ ಅಂತ ಸೆಕ್ಷನ್ ಸೇರಿದೆ. ಮೈನರ್ ಓಡಿಸಿ ಸಿಕ್ಕಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ದಂಡ, ಜೊತೆಗೆ 3 ವರ್ಷದವರೆಗೆ ಜೈಲು ಹಾಕಬಹುದು. ಗಾಡಿ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ಊರ ಕಡೆ ಹಾಲಿನ ಡೇರಿಗೆ, ರೇಷ್ಮೆ ಗೂಡು ಸಾಗಿಸೋಕೆ ಹೈಸ್ಕೂಲ್ ಹುಡುಗರ ಕೈಗೇ ಟಿವಿಎಸ್ ಕೊಡುತ್ತಾರೆ, "ಊರೊಳಗೆ ತಾನೇ" ಅಂತ. ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸ್‌ನವರು ಕೊಟ್ಟ ಪರಿಹಾರ ನಿಮ್ಮಿಂದಲೇ ವಾಪಸ್ ವಸೂಲಿ ಮಾಡಬಹುದು. ಜಮೀನು ಮಾರಬೇಕಾಗುತ್ತೆ.


ಜಿಬಿಡಿ_ಹುಡುಗ, ಗೌರಿಬಿದನೂರು

ನಾನು ಡಿಗ್ರಿ ಓದುತ್ತಿದ್ದೇನೆ. ಇಲ್ಲಿ ಎಲ್ಲರೂ ದೊಡ್ಡವರೇ ಮಾತಾಡ್ತಾ ಇದ್ದೀರ, ಅದಕ್ಕೆ ಬರೆಯುತ್ತಿದ್ದೇನೆ. ಬೈಬೇಡಿ.

ಅಕ್ಕ, ಆ ಹುಡುಗ ಫೋನ್, ಶೂ ಆಸೆಗೆ ಅಕೌಂಟ್ ಕೊಟ್ಟ ಅಂತ ನೀವೆಲ್ಲ ಅಂದುಕೊಂಡಿದ್ದೀರ. ಇರಬಹುದು. ಆದರೆ ನಾನು ನೋಡಿದ ಕೇಸುಗಳಲ್ಲಿ ಅದಕ್ಕಿಂತ ಮೊದಲು ಸಾಲ ಇರುತ್ತೆ. ಅದನ್ನ ಮೊದಲು ಕೇಳಿ, ಸಿಟ್ಟಿಲ್ಲದೆ ಕೇಳಿ.

ಹೇಗೆ ಅಂದರೆ, ಐಪಿಎಲ್ ಶುರುವಾಗುತ್ತೆ. ಜ್ಯೂಸ್ ಅಂಗಡಿ ಹತ್ತಿರ ಒಬ್ಬ ಅಣ್ಣ ಇರುತ್ತಾನೆ. ಬೆಟ್ಟಿಂಗ್ ಆಡೋಕೆ "ಐಡಿ" ಕೊಡುತ್ತಾನೆ, ಅದರಲ್ಲಿ ಮೊದಲೇ 500 ಪಾಯಿಂಟ್ ಹಾಕಿರುತ್ತಾನೆ, ದುಡ್ಡು ಆಮೇಲೆ ಕೊಡು ಅಂತಾನೆ. ಮೊದಲು ಗೆಲ್ಲುತ್ತೀವಿ. ಗೆದ್ದಾಗ ಬಿರಿಯಾನಿ, ಹತ್ತು ಜನರಿಗೆ ಕೊಡಿಸಬೇಕು, ಇಲ್ಲ ಅಂದರೆ ಮರ್ಯಾದೆ ಇರಲ್ಲ. ಆಮೇಲೆ ಸೋಲು. ಸೋತದ್ದನ್ನು ವಾಪಸ್ ತೆಗೆಯೋಕೆ ಮತ್ತೆ ಆಟ. ಮೇ ಕೊನೆಗೆ ಹದಿನೈದು ಸಾವಿರ, ಇಪ್ಪತ್ತು ಸಾವಿರ. ಮನೆಯಲ್ಲಿ ಹೇಳೋಕಾಗಲ್ಲ. ಆವಾಗ ಅದೇ ಅಣ್ಣ ತುಂಬಾ ಪ್ರೀತಿಯಿಂದ "ಪರವಾಗಿಲ್ಲ ಬಿಡೋ, ದುಡ್ಡು ಬೇಡ, ನಿನ್ನ ಅಕೌಂಟ್ ಕೊಡು ಸಾಕು" ಅಂತಾನೆ. ಪಾಸ್‌ಬುಕ್, ಎಟಿಎಂ, ಚೆಕ್‌ಬುಕ್, ಸಿಮ್ ಎಲ್ಲ ಸೇರಿಸಿ ಅದಕ್ಕೆ "ಕಿಟ್" ಅಂತಾರೆ. ಆ ಕಿಟ್ ಇನ್ನೊಬ್ಬನಿಗೆ ಹೋಗುತ್ತೆ, ಅವನಿಂದ ಇನ್ನೊಬ್ಬನಿಗೆ. ಮೇಲಿನವನು ಯಾರು ಅಂತ ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲ್ಲ. ಹುಡುಗನಿಗೆ ಇನ್ನೊಂದು ಕೆಲಸ ಕೊಡುತ್ತಾರೆ, ಇನ್ನೂ ಇಬ್ಬರನ್ನು ಕರೆದುಕೊಂಡು ಬಾ, ತಲೆಗೆ 1,000. ಅವನು ಯಾರನ್ನು ಕರೆದುಕೊಂಡು ಹೋಗುತ್ತಾನೆ? ಬೆಂಚ್‌ಮೇಟ್‌ನ.

2025ರ ಆಗಸ್ಟಲ್ಲಿ ದುಡ್ಡಿನ ಆನ್‌ಲೈನ್ ಗೇಮ್ ನಿಷೇಧಿಸಿ ಕೇಂದ್ರದ ಕಾನೂನು ಬಂತು. ಆಡಿಸೋರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ ಅಂತ ಇದೆ. ಆ ಕಾನೂನಿನಲ್ಲಿ ಆಡಿದವನಿಗೆ ಶಿಕ್ಷೆ ಇಟ್ಟಿಲ್ಲ. ದೊಡ್ಡ ದೊಡ್ಡ ಆಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು. ಆದರೆ ಜ್ಯೂಸ್ ಅಂಗಡಿ ಅಣ್ಣ ಆಪ್ ಅಲ್ವಲ್ಲ.

ರೀಲ್ಸ್ ಬಗ್ಗೆ ಹೇಳ್ತೀನಿ. ಲಾಂಗ್ ಹಿಡಿದು "ಬಾಸ್" ಅಂತ ಹಾಕೋರಲ್ಲಿ ಹೆಚ್ಚಿನವರು ಸೊಳ್ಳೆ ಹೊಡೆಯೋಕೂ ಹೆದರುವವರು, ನಿಜವಾಗ್ಲೂ. ಆದರೆ ಕಾಮೆಂಟಲ್ಲಿ ಪಕ್ಕದ ಏರಿಯಾದವನು "ಬಾ ನೋಡೋಣ" ಅಂತಾನೆ. ಅಲ್ಲಿ ಹಿಂದೆ ಸರಿದರೆ ಇನ್ನೂರು ಜನ ನೋಡುತ್ತಿರುತ್ತಾರೆ. ಮೊದಲು ಜಗಳ ಆದರೆ ಸಂಜೆಗೆ ಮರೆತುಹೋಗೋದು, ಈಗ ಸ್ಕ್ರೀನ್‌ಶಾಟ್ ಇರುತ್ತೆ. ಹಾಗಾಗಿ ಸುಮ್ನೆ ಶುರುವಾದದ್ದು ಎಲ್ಲಿಗೋ ಹೋಗುತ್ತೆ.

ಗಾಂಜಾ, ನೋವಿನ ಮಾತ್ರೆ ಇದೆಲ್ಲ ಇಲ್ಲ ಅಂತ ಹೇಳಲ್ಲ. ಇದೆ. ತಂದುಕೊಡೋನು ವಿದ್ಯಾರ್ಥಿ ಅಲ್ಲ, ಅದನ್ನು ಮಾತ್ರ ಹೇಳ್ತೀನಿ.


ಕಪ್ಪುಕೋಟು, ಚಿಕ್ಕಬಳ್ಳಾಪುರ

ಮೇಲಿನ ತಮ್ಮ ಹೇಳಿದ್ದು ನೂರಕ್ಕೆ ನೂರು. ಕೆಂಪುಮಣ್ಣು ಅವರೇ, ಕಾನೂನು ಮೆತ್ತಗೆ ಅಂದ್ರಲ್ಲ, ಅದು ಮಗುವಿಗೆ ಮಾತ್ರ ಮೆತ್ತಗೆ. ಅದೇ ಬಾಲನ್ಯಾಯ ಕಾಯ್ದೆ ತೆಗೆದು ನೋಡಿ. ಮಗುವಿಗೆ ಮದ್ಯ, ಡ್ರಗ್ಸ್, ತಂಬಾಕು ಕೊಟ್ಟವನಿಗೆ 77ರ ಕೆಳಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಮಗುವಿನ ಕೈಯಲ್ಲಿ ಅದನ್ನು ಸಾಗಿಸಿದರೆ, ಮಾರಿಸಿದರೆ 78, ಅಷ್ಟೇ ಶಿಕ್ಷೆ. ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸುವ ದೊಡ್ಡವರಿಗೆ 83ರಲ್ಲಿ 7 ವರ್ಷದವರೆಗೆ ಸಜೆ, 5 ಲಕ್ಷ ದಂಡ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 95ನೇ ಸೆಕ್ಷನ್ ಇನ್ನೂ ಬಿಗಿ, ಅಪರಾಧ ಮಾಡಿಸೋಕೆ ಮಗುವನ್ನು ಹಚ್ಚಿದವನಿಗೆ ಕನಿಷ್ಠವೇ 3 ವರ್ಷ, 10ರವರೆಗೆ ಹೋಗಬಹುದು. ತಂಬಾಕು ಮಾರೋಕೆ ನಮ್ಮ ರಾಜ್ಯದಲ್ಲಿ ಈಗ ಗಿರಾಕಿಗೆ 21 ತುಂಬಿರಬೇಕು, ಶಾಲಾ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ.

ಎಷ್ಟು ಕೇಸಲ್ಲಿ ಈ ಸೆಕ್ಷನ್ ಹಾಕುತ್ತಾರೆ? ನನ್ನ ಅನುಭವದಲ್ಲಿ ಬಹಳ ಕಮ್ಮಿ. ಯಾಕೆ ಅಂದರೆ ಹುಡುಗನಿಗೆ ಮನೆಯಲ್ಲಿ ಏಟು ಬಿದ್ದಿರುತ್ತೆ, ಊರೆಲ್ಲ ಬೈದಿರುತ್ತೆ, ಅವನು ಬಾಯಿ ಮುಚ್ಚಿಕೊಂಡಿರುತ್ತಾನೆ. ಕೊಟ್ಟವನ ಹೆಸರು ಹೇಳುವ ಒಬ್ಬನೇ ಸಾಕ್ಷಿ ಅವನು. ಅವನ ಬಾಯಿ ಮುಚ್ಚಿಸಿದ್ದು ನಾವೇ. ನಾನು ಏಟು ಬೇಡ ಅನ್ನೋದು ಕರುಣೆಗೆ ಅಲ್ಲ, ಕೇಸಿನ ದೃಷ್ಟಿಯಿಂದಲೂ ನಷ್ಟ.


ಕೆಂಪುಮಣ್ಣು, ಬಾಗೇಪಲ್ಲಿ

95 ವಿಷಯ ಗೊತ್ತಿರಲಿಲ್ಲ ಸಾರ್. ಆದ್ರೂ ಒಂದು ಏಟಿನಿಂದ ಏನೂ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ. ಜ್ಯೂಸ್ ಅಂಗಡಿಯವನಿಗೆ ಮಾತ್ರ ಎರಡು ಜಾಸ್ತಿ ಬೀಳಲಿ.


ಸೇವಂತಿಗೆ_ತೋಟ, ಚಿಕ್ಕಬಳ್ಳಾಪುರ

ಎಲ್ಲರಿಗೂ ಥ್ಯಾಂಕ್ಸ್. ಗೌರಿಬಿದನೂರಿನ ತಮ್ಮ ಹೇಳಿದ ಹಾಗೆ ಕೇಳಿದೆ. ಅಣ್ಣ ಇಲ್ಲದ ಹೊತ್ತು ನೋಡಿ, ಹೂವು ಬಿಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. "ಎಷ್ಟು ಕೊಡಬೇಕೋ?" ಅಂದೆ ಅಷ್ಟೇ, ಬೇರೇನೂ ಕೇಳಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದು "ಹದಿನೆಂಟು ಸಾವಿರ ಅತ್ತೆ" ಅಂದ. ಆಮೇಲೆ ಅಳು. ಫೋನ್ ಕೂಡ ಆ ಮನುಷ್ಯನೇ ಕೊಡಿಸಿದ್ದಂತೆ, ಯಾವಾಗ ಕರೆದರೂ ಸಿಗಲಿ ಅಂತ.

ಈಗ ಅಣ್ಣ ಹೂವಿನ ದುಡ್ಡಲ್ಲಿ ಆ ಹದಿನೆಂಟು ಸಾವಿರ ಬಿಸಾಕಿ ಸಂಬಂಧ ಕಡಿದುಕೊಳ್ಳೋಣ ಅನ್ನುತ್ತಿದ್ದಾನೆ. ಅತ್ತಿಗೆ ಬೇಡ ಅನ್ನುತ್ತಾರೆ. ಆ ಫೋನ್ ಏನು ಮಾಡೋದು? ಸ್ಕಾಲರ್‌ಶಿಪ್ ದುಡ್ಡು ಸಿಗುತ್ತಾ? ಪರೀಕ್ಷೆ ಹತ್ತಿರ ಇದೆ.


ಕಪ್ಪುಕೋಟು, ಚಿಕ್ಕಬಳ್ಳಾಪುರ

ಕೊಡಬೇಡಿ ಮೇಡಂ. ಬಾಜಿ ಕಟ್ಟಿದ ಸಾಲವನ್ನು ಕೋರ್ಟ್ ಮೂಲಕ ವಸೂಲಿ ಮಾಡೋಕಾಗಲ್ಲ, ಕರಾರು ಕಾಯ್ದೆಯ 30ನೇ ಸೆಕ್ಷನ್. ಮೇಲಾಗಿ ಹುಡುಗ ಮೈನರ್, ಮೈನರ್ ಮಾಡಿಕೊಂಡ ಕರಾರು ಮೊದಲಿಂದಲೇ ಅಸಿಂಧು. ಒಂದು ಸಲ ಕೊಟ್ಟರೆ ಅವನು ಬಡ್ಡಿ ಅಂತ ಮತ್ತೆ ಬರುತ್ತಾನೆ. ಮನೆ ಹತ್ತಿರ ಬಂದು ಹೆದರಿಸಿದರೆ 112ಕ್ಕೆ ಫೋನ್ ಮಾಡಿ. ನಿಮ್ಮಣ್ಣ ಸಿಟ್ಟಲ್ಲಿ ಅವನ ಅಂಗಡಿಗೆ ಹೋಗಿ ಕೈ ಮಾಡದ ಹಾಗೆ ನೋಡಿಕೊಳ್ಳಿ, ಆಗ ಕೇಸು ನಿಮ್ಮ ಮೇಲೇ ತಿರುಗುತ್ತೆ.

ಫೋನ್ ಸ್ವಿಚ್ ಆಫ್ ಮಾಡಿ ಇಡಿ. ಮೆಸೇಜು, ಕಾಲ್ ಲಿಸ್ಟ್ ಏನನ್ನೂ ಅಳಿಸಬೇಡಿ, ಮಾರಬೇಡಿ, ವಾಪಸ್ಸೂ ಕೊಡಬೇಡಿ. ಠಾಣೆಗೆ ಹೋಗುವ ದಿನ ತೆಗೆದುಕೊಂಡು ಹೋಗಿ, ಕೊಟ್ಟಿದ್ದಕ್ಕೆ ರಸೀದಿ ಕೇಳಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಅವರನ್ನೇ ಕೇಳಿ.

ಸ್ಕಾಲರ್‌ಶಿಪ್ಪಿಗೆ ಬೇರೆ ಅರ್ಜಿ ಬೇಕು. ಬ್ಯಾಂಕ್ ಮ್ಯಾನೇಜರ್‌ಗೆ ಒಂದು, ತಡೆ ಹಾಕಿದ ಸ್ಟೇಷನ್ನಿಗೆ ಇಮೇಲ್‌ನಲ್ಲಿ ಒಂದು. ಸರ್ಕಾರದಿಂದ ಬಂದ ಮೊತ್ತ ಪಾಸ್‌ಬುಕ್ಕಿನಲ್ಲಿ ಬೇರೆಯಾಗಿ ಕಾಣುತ್ತೆ, ಆ ಸಾಲಿಗೆ ಪೆನ್ನಲ್ಲಿ ಗುರುತು ಹಾಕಿ ಜೆರಾಕ್ಸ್ ಲಗತ್ತಿಸಿ, ವಿವಾದದ ಮೊತ್ತಕ್ಕಷ್ಟೇ ತಡೆ ಉಳಿಸಿ ಉಳಿದದ್ದು ಬಿಡಿ ಅಂತ ಬರೆಯಿರಿ. ತಕ್ಷಣ ಆಗಲ್ಲ, ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಫೀಸಿಗೆ ಸ್ವಲ್ಪ ಟೈಮ್ ಕೇಳಿ, ಕಾರಣ ಪೂರ್ತಿ ಹೇಳಬೇಕಾಗಿಲ್ಲ. ಬ್ಯಾಂಕಿಗೆ ಕೊಟ್ಟ ಅರ್ಜಿಯ ನಕಲಿನ ಮೇಲೆ ಬ್ಯಾಂಕಿನ ಸೀಲು, ತಾರೀಖು ಹಾಕಿಸಿಕೊಳ್ಳೋದು ಮಾತ್ರ ಮರೆಯಬೇಡಿ, ಕೌಂಟರಿನಲ್ಲಿ "ಬಿಟ್ಟು ಹೋಗಿ, ನೋಡ್ತೀವಿ" ಅಂದರೂ ಸರಿ.